ಬಯಲಿನಲ್ಲಿ ಒಲೆ ಹಚ್ಚಕೂಡದು

ಅಫಜಲಪುರದಿಂದ ಕರಜಗಿ ಕಡೆಗೆ ಹೋಗುವ ದಾರಿಯಲ್ಲಿ ನನ್ನ ತವರೂರು. ಅಲ್ಲಿನ ಪಂಚಾಯಿತಿಯ ಹೊರಗೋಡೆಯ ಮೇಲೆ ಹೊಲದಲ್ಲಿ ಬೆಂಕಿ ಹಚ್ಚುವುದರ ಬಗ್ಗೆ ಆರು ನಿಯಮಗಳನ್ನು ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ಬರೆದವನು ಬಣ್ಣದವನು, ಒಕ್ಕಣೆ ನನ್ನದು. ನಾನು ತಾಲ್ಲೂಕಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಊರಿನವರಿಗೆ ಅರ್ಜಿ ಬೇಕಾಗಲಿ, ಲಗ್ನಪತ್ರಿಕೆ ಬೇಕಾಗಲಿ, ನನಗೇ ಫೋನು ಬರುತ್ತದೆ. ಈ ನಿಯಮಗಳೂ ಹಾಗೆಯೇ ನನ್ನ ಕೈಗೆ ಬಂದವು. ಅವುಗಳ ಹಿಂದೆ ನಡೆದದ್ದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದಿದ್ದೇನೆ.

ನಮ್ಮ ಹೊಲ ಊರಿಂದ ಎರಡು ಕಿಲೋಮೀಟರು. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ನೋಡಿಕೊಳ್ಳುತ್ತಾನೆ. ಮೇಲಿನ ಭಾಗದಲ್ಲಿ ಬಿಳಿಜೋಳ, ಬದುವಿನ ಕೆಳಗೆ ಹೊಳೆಯ ನೀರಿನ ಆಸರೆಯಲ್ಲಿ ಕಬ್ಬು. ಪ್ರತಿ ಚಳಿಗಾಲ ಜೋಳ ಹಾಲುಗಾಳಾದಾಗ ನಮ್ಮ ಶಾಲೆಯವರನ್ನು ಸೀತನಿ ತಿನ್ನಲು ಹೊಲಕ್ಕೆ ಕರೆದುಕೊಂಡು ಹೋಗುವುದು ನನ್ನ ರೂಢಿ. ನೆಲದಲ್ಲಿ ಮೊಣಕಾಲುದ್ದ ಕುಣಿ ತೋಡಿ, ಸಗಣಿಯ ಕುಳ್ಳು ತುಂಬಿ ಬೆಂಕಿ ಮಾಡಬೇಕು. ಉರಿ ಇಳಿದು ಕೆಂಡವಾದ ಮೇಲೆ ಎಳೆತೆನೆಗಳನ್ನು ಅದರಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಬೇಕು. ಆರಿದರೆ ಕಾಳು ಬಿಡುವುದಿಲ್ಲ. ಶೇಂಗಾ ಹಿಂಡಿ, ಬೆಲ್ಲ, ಕೆನೆಮೊಸರು ಜೊತೆಗಿದ್ದರೆ ಊಟ ಮುಗಿದಂತೆ.

ಆ ವರ್ಷ ಸಂಕ್ರಮಣ ಕಳೆದು ಬಂದ ಭಾನುವಾರ ಆರು ಮಂದಿ ಬಂದಿದ್ದರು. ಕುಣಿಯನ್ನು ಬದುವಿನ ಪಕ್ಕದಲ್ಲೇ ತೋಡಿದ್ದೆವು. ತಿಕ್ಕುವ ಕೈ ಬೇಕಾಗಿತ್ತು. ನಮ್ಮ ಕೈಗಳು ಸೀಮೆಸುಣ್ಣ ಹಿಡಿಯುವ ಕೈಗಳು, ಒಂದು ತೆನೆ ಮುಟ್ಟಿದರೆ ಊದಿಕೊಳ್ಳುತ್ತಿದ್ದವು. ಅಣ್ಣ ಕೆಳಗಿನ ಹೊಲದ ಕಡೆ ತಿರುಗಿ ಕೂಗು ಹಾಕಿದ. ಅಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರ ಏಳು ಗುಡಿಸಲುಗಳಿದ್ದವು. ಕಬ್ಬಿನ ಒಣಗರಿ, ಬಿದಿರು ಗಳ, ಮೇಲೊಂದು ತಾಡಪತ್ರಿ, ಅಷ್ಟೇ. ಅವರು ಆಳಂದ ಕಡೆಯ ಒಂದು ಲಂಬಾಣಿ ತಾಂಡಾದವರು. ನಮ್ಮ ಕಬ್ಬನ್ನು ಎಂಟು ದಿನದ ಹಿಂದೆ ಕಡಿದು ಮುಗಿಸಿ, ಅಂದು ಬೇರೆಯವರ ಹೊಲಕ್ಕೆ ಹೋಗಿದ್ದರು. ಗುಡಿಸಲುಗಳ ಹತ್ತಿರ ಉಳಿದಿದ್ದವಳು ಒಬ್ಬಳೇ, ಐವತ್ತರ ಆಸುಪಾಸಿನ ಹೆಂಗಸು. ಗಂಡ, ಮಗ, ಬಸುರಿ ಸೊಸೆ ಮೂವರೂ ಕಡಿಯಲು ಹೋಗುತ್ತಿದ್ದರು. ಅವಳಿಗೆ ಸೊಂಟದ ನೋವು, ಆದ್ದರಿಂದ ಅಡುಗೆ ಅವಳ ಪಾಲಿಗೆ.

ಅವಳು ಮೊರ ಹಿಡಿದುಕೊಂಡೇ ಬಂದಳು. ಕೆಂಡದಿಂದ ತೆಗೆದ ತೆನೆಯನ್ನು ಹಸಿ ಸೌತೆಕಾಯಿಯಂತೆ ಕೈಯಲ್ಲಿ ಹಿಡಿದು ತಿಕ್ಕಿದಳು, ಹೊಟ್ಟು ತೂರಿ ಹಸಿರು ಕಾಳನ್ನು ನಮ್ಮ ತಟ್ಟೆಗಳಿಗೆ ಸುರಿದಳು. ಎರಡು ತಾಸು ಕೂತಿದ್ದಳು. ನಮ್ಮವರು ಅವಳ ಕೈ ಹಿಡಿದು ನೋಡಿ ಆಶ್ಚರ್ಯಪಟ್ಟರು. ಒಬ್ಬರು ಫೋಟೊ ತೆಗೆದರು. ಅವಳು ನಕ್ಕು ಸೆರಗು ಬಾಯಿಗೆ ಹಿಡಿದಳು.

ಮೂರು ಗಂಟೆಯ ಹೊತ್ತಿಗೆ ಊಟ ಮುಗಿಯಿತು. ಅಣ್ಣ ಅತಿಥಿಗಳಿಗೆ ಕಡಲೆಗಿಡ ಕಿತ್ತುಕೊಡಲು ಆಚೆ ಹೋದ. ಅವಳು ಎದ್ದು ಸೊಂಟ ಒತ್ತಿಕೊಂಡು ಕೇಳಿದಳು.

"ಬಾಯಿ, ಕುಣಿಗೆ ನೀರು ಹಾಕ್ಲೇನ್ರಿ? ಒಳಗ ಇನ್ನಾ ಕೆಂಡ ಅದಾವ."

"ಬ್ಯಾಡ, ನಾ ಹಾಕ್ತೇನಿ. ನೀ ಹೋಗಿ ನಿನ್ನ ಅಡಗಿ ನೋಡ್ಕೋ," ಅಂದೆ. ಅವಳಿಗೆ ಇನ್ನೂ ಕೆಲಸ ಹಚ್ಚಬಾರದೆಂಬ ಒಳ್ಳೆಯತನದಿಂದಲೇ ಅಂದೆ.

ಕೊಡದಲ್ಲಿದ್ದ ನೀರು ಎಲ್ಲರ ಕೈ ತೊಳೆಯುವುದಕ್ಕೇ ಖರ್ಚಾಯಿತು. ಬೋರಿನ ತನಕ ಹೋಗಿ ತರಬೇಕಿತ್ತು, ಇನ್ನೂರು ಹೆಜ್ಜೆ. ಕಾರಿನಲ್ಲಿ ಕೂತವರು ಕರೆಯುತ್ತಿದ್ದರು. ನಾನು ಕಾಲಿಂದ ನಾಲ್ಕು ಸಲ ಮಣ್ಣು ಎಳೆದು ಕುಣಿಯೊಳಗೆ ದಬ್ಬಿದೆ. ಮೇಲೆ ಬೂದಿ ಕಾಣುತ್ತಿತ್ತು, ಹೊಗೆ ಇರಲಿಲ್ಲ. ಸಾಕೆನಿಸಿತು. ಹೊರಟೆ.

ಅಫಜಲಪುರದ ಮನೆಗೆ ಬಂದು ಸೀರೆ ಬದಲಿಸಿ ಚಹಾಕ್ಕೆ ಇಡುವಾಗ ಅಣ್ಣನ ಫೋನು ಬಂತು. ಆಗಿನ್ನೂ ಸೂರ್ಯ ಮುಳುಗಿರಲಿಲ್ಲ.

"ತಂಗೀ, ನಮ್ಮ ಕೆಳಗಿನ ಹೊಲಕ್ಕ ಬೆಂಕಿ ಹತ್ತ್ಯದ. ಗ್ಯಾಂಗಿನವರ ಗುಡಿಸಲೂ ಹೋದವು. ಆ ಹೆಣ್ಣಮಗಳು ಸುಟ್ಕೊಂಡಾಳ. ಕಲಬುರಗಿಗಿ ಒಯ್ದಾರ."

ಅವನ ಹಿಂದೆ ಜನರ ಗದ್ದಲ ಕೇಳುತ್ತಿತ್ತು. ಅವನೇ ದನಿ ಇಳಿಸಿ ಕೇಳಿದ: "ನೀ ಕುಣಿಗೆ ನೀರು ಹಾಕಿದ್ದೆಲ್ಲ?"

"ಹೂಂ, ಹಾಕೇನಿ," ಅಂದೆ.

ಆ ಮಾತು ಬಾಯಿಂದ ಬೀಳಲು ಒಂದು ಕ್ಷಣವೂ ಹಿಡಿಯಲಿಲ್ಲ. ಅವನು "ಆತು ಬಿಡು" ಅಂದು ಫೋನು ಇಟ್ಟ.

ಆಮೇಲೆ ತಿಳಿದದ್ದು ಇಷ್ಟು. ನಾವು ಹೊರಟ ಅರ್ಧ ತಾಸಿಗೆ ಗಾಳಿ ಎದ್ದಿತ್ತು. ಕಡಿದ ಕಬ್ಬಿನ ಗದ್ದೆಯಲ್ಲಿ ರವದಿ, ಅಂದರೆ ಉದುರಿದ ಒಣಗರಿ, ಮೊಣಕಾಲೆತ್ತರ ಬಿದ್ದಿತ್ತು. ಬೆಂಕಿ ಅದರ ಮೇಲೆ ಓಡಿ ಗುಡಿಸಲುಗಳ ಸಾಲನ್ನು ಮುಟ್ಟಿತು. ಅವಳು ಆಗ ಹೊರಗೇ ಇದ್ದಳಂತೆ. ಆದರೆ ಒಳಗೆ ಎರಡು ಆಡುಗಳನ್ನು ಕಟ್ಟಿದ್ದಳು. ಅವನ್ನು ಬಿಚ್ಚಲು ಒಳಗೆ ಹೋದಳು. ಆಡು ಹೊರಗೆ ಬಂದವು, ಅವಳ ಮೇಲೆ ತಾಡಪತ್ರಿ ಕರಗಿ ಬಿತ್ತು.

ಮರುದಿನ ರಜೆ ಹಾಕಿ ಹೊಲಕ್ಕೆ ಹೋದೆ. ಗುಡಿಸಲುಗಳಿದ್ದಲ್ಲಿ ಏಳು ಕರಿ ಚೌಕಗಳು. ಸುಟ್ಟ ಹಿಟ್ಟಿನ ವಾಸನೆ. ಬೆಂಕಿ ಎಲ್ಲಿಂದ ಬಂತೆಂದು ನೆಲ ನೋಡಿದರೆ ಗೊತ್ತಾಗುತ್ತದೆಂದು ನಾನು ಬದುವಿನ ಕಡೆ ನಡೆದೆ. ಬದುವಿನ ಎರಡೂ ಬದಿಗೆ ಹತ್ತಾರು ಮಾರು ಅಗಲಕ್ಕೆ ನೆಲವನ್ನು ಟ್ರ್ಯಾಕ್ಟರ್ ಹೊಡೆದು ಹದ ಮಾಡಿದ್ದರು. ಹಸಿ ಮಣ್ಣು ಮೇಲೆ ಬಂದಿತ್ತು. ನಮ್ಮ ಕುಣಿ ಎಲ್ಲಿತ್ತೆಂದು ನನಗೂ ಗುರುತು ಸಿಗಲಿಲ್ಲ. ಅಣ್ಣ ಬೋರಿನ ಹತ್ತಿರ ಕೈಕಾಲು ತೊಳೆಯುತ್ತಿದ್ದ. ನನ್ನನ್ನು ನೋಡಿ ಮೊಣಕಾಲಿನ ಮಣ್ಣು ಉಜ್ಜಿದ. ನಾನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತೆಂದು ನನಗೆ ಗೊತ್ತಾಯಿತು. ಅಣ್ಣನ ಹೆಂಡತಿ, ನನ್ನ ವೈನಿ, ಬುತ್ತಿ ತಂದಿದ್ದರು, ಮೂವರೂ ಕೂತು ರೊಟ್ಟಿ ತಿಂದೆವು.

ಊರಿನಲ್ಲಿ ಆಗಲೇ ಮಾತು ಗಟ್ಟಿಯಾಗಿತ್ತು. ಗ್ಯಾಂಗಿನ ಹೆಂಗಸು ಒಲೆ ಆರಿಸಿರಲಿಲ್ಲ, ಗಾಳಿಗೆ ಕಿಡಿ ಹಾರಿತು, ತನ್ನ ಗುಡಿಸಲು ತಾನೇ ಸುಟ್ಟುಕೊಂಡಳು. ಸೀತನಿಯ ಮಾತು ಯಾರೂ ಎತ್ತಲಿಲ್ಲ. ಎತ್ತಬಹುದಾದ ಆರು ಮಂದಿ ನನ್ನ ಸಹೋದ್ಯೋಗಿಗಳು. ಅವರಲ್ಲಿ ಒಬ್ಬರು ಮಾತ್ರ ಸ್ಟಾಫ್ ರೂಮಿನಲ್ಲಿ ನನ್ನನ್ನು ಕೇಳಿದರು. ಅವರಿಗೂ "ನೀರು ಹಾಕಿದ್ದೆ" ಎಂದೆ. ಆಮೇಲೆ ಅವರೂ ಕೇಳಲಿಲ್ಲ.

ಆರನೆಯ ದಿನ ಕಲಬುರಗಿಗೆ ಹೋದೆ. ಯಾಕೆ ಹೋದೆ ಎಂದರೆ ಹೇಳುವುದು ಕಷ್ಟ. ಹೇಳಿಬಿಡೋಣ ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದು ನಿಜ. ಎಳನೀರು ತೆಗೆದುಕೊಂಡಿದ್ದೆ. ಸುಟ್ಟಗಾಯದವರ ವಾರ್ಡಿನ ಮೂಲೆಯ ಮಂಚ. ಅವಳ ಮೇಲೆ ಬುಟ್ಟಿಯಂತಹ ಚೌಕಟ್ಟು ಇಟ್ಟು ಬಟ್ಟೆ ಹೊದಿಸಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ. ಗುರುತು ಹಿಡಿದಳು.

"ಮೇಡಂ ಬಂದಾರ," ಅಂದಳು ಗಂಡನಿಗೆ.

ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ತೆಳ್ಳನೆಯ ಮನುಷ್ಯ. ಎದ್ದು ಕೈ ಮುಗಿದು, ಜಾಗ ಬಿಟ್ಟುಕೊಟ್ಟ.

"ಹೊತ್ತಾರೆ ಒಲಿಗೆ ನೀರು ಹಾಕಿದ್ದೆನ್ರಿ ನಾ," ಅಂದಳು ಅವಳು. ಮಾತು ತಡೆತಡೆದು ಬರುತ್ತಿತ್ತು. "ಸಂಜಿ ಮುಂದ ಇನ್ನಾ ಹಚ್ಚಿದ್ದಿಲ್ಲ. ಯಾರೂ ನಂಬೂದಿಲ್ರಿ."

"ಸುಮ್ಮಕಿರು," ಅಂದ ಗಂಡ. "ಏಳೂ ಮನಿ ಸುಟ್ಟಿ. ಇನ್ನ ಸುಳ್ಳ ಹೇಳಬ್ಯಾಡ."

ಅವಳು ಅವನ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದಳು. ಆ ನೋಟದಲ್ಲಿ ಆರೋಪವೇನೂ ಇರಲಿಲ್ಲ. ಲೆಕ್ಕ ತಪ್ಪಿದ ಮಕ್ಕಳು ನನ್ನನ್ನು ನೋಡುತ್ತಾರಲ್ಲ, ಹಾಗೆ.

"ಬಾಯಿ, ನೀವು ಕುಣಿಗೆ ನೀರು ಹಾಕಿದ್ರೆಲ್ಲ?"

ಗಂಡ ಪಕ್ಕದಲ್ಲಿದ್ದ. ನರ್ಸು ಬಾಗಿಲಲ್ಲಿದ್ದಳು. ಎದುರು ಮಂಚದವರು ಕಿವಿ ಕೊಟ್ಟಿದ್ದರು.

"ಹಾಕೇನಿ," ಅಂದೆ.

ಅವಳು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು.

"ಹಂಗಾದ್ರ ನಂದೇ ಇರಬೇಕ್ರಿ," ಅಂದಳು. "ನೆನಪ ಹಾರ್‍ಯದ."

ಎಳನೀರನ್ನು ಅಲ್ಲೇ ಇಟ್ಟು ಬಂದೆ. ಮೂರು ದಿನ ಬಿಟ್ಟು ಅವಳು ತೀರಿಕೊಂಡಳು. ಶವವನ್ನು ನೇರ ತಾಂಡಾಕ್ಕೆ ಒಯ್ದರು. ನಮ್ಮೂರಿಂದ ಯಾರೂ ಹೋಗಲಿಲ್ಲ.

ಅವಳ ದಿನಕರ್ಮ ಮುಗಿಯುವುದರೊಳಗೇ ಪಂಚಾಯಿತಿ ಸಭೆ ಸೇರಿತು. ಅಣ್ಣ ಸದಸ್ಯ. ನಿಯಮ ಬೇಕೆಂದವನು ಅವನೇ. ನನ್ನನ್ನು ಬರೆದುಕೊಳ್ಳಲು ಕರೆಸಿದ್ದರು.

"ಗ್ಯಾಂಗಿನವರು ಎಲ್ಲಿ ಬೇಕಲ್ಲಿ ಮೂರು ಕಲ್ಲು ಇಟ್ಟು ಒಲಿ ಹೂಡ್ತಾರ. ಅದನ್ನ ಬಂದ್ ಮಾಡಬೇಕು," ಅಂದ ಅಣ್ಣ.

"ಮತ್ತ ಉಣ್ಣೂದು ಹ್ಯಾಂಗ ಅವರು?" ಅಂತ ಅಧ್ಯಕ್ಷರು ಕೇಳಿದರು. ಅವರು ವಯಸ್ಸಾದವರು, ಮೆತ್ತನೆಯ ಸ್ವಭಾವ.

"ಊರಾಗಿನ ನೀರಿನ ಟಾಕಿ ಮುಂದ ಜಾಗಾ ಅದ. ಮುಂಜಾನಿ ಎಂಟರೊಳಗ ಅಲ್ಲಿ ಬಂದು ಮಾಡ್ಕೊಂಡು ಹೋಗ್ಲಿ."

"ನಮ್ಮ ಸೀತನಿಗೂ ಕಾಯ್ದೆ ಬರ್ತದೇನಪಾ?" ಎಂದು ಹಿಂದಿನಿಂದ ಒಬ್ಬರು ನಕ್ಕರು.

ಅಣ್ಣ ನನ್ನ ಕಡೆ ನೋಡದೆ ಹೇಳಿದ: "ಅದು ನಮ್ಮ ಹೊಲ, ನಮ್ಮ ಕುಣಿ. ಹುಷಾರ್ ಇರ್ರಿ ಅಂತ ಬರದ್ರಾತು."

ನಾನು ಬರೆದೆ. ರವದಿ ಸುಡುವ ಮುನ್ನ ಪಂಚಾಯಿತಿಗೆ ತಿಳಿಸುವುದು. ಸುಡುವಾಗ ಸುತ್ತ ಆರು ಮಾರು ಜಾಗ ಹಸನು ಮಾಡಿಕೊಳ್ಳುವುದು. ಸೀತನಿ ಮಾಡುವವರು ಎಚ್ಚರಿಕೆ ವಹಿಸುವುದು. ಕಬ್ಬು ಕಡಿಯುವವರು ಬಯಲಿನಲ್ಲಿ ಒಲೆ ಹಚ್ಚಕೂಡದು. ಗುಡಿಸಲಿನ ಬಳಿ ಬೆಂಕಿ ಇಡಕೂಡದು. ತಪ್ಪಿದವರನ್ನು ಊರ ಸೀಮೆಯಿಂದ ಹೊರಗೆ ಹಾಕಲಾಗುವುದು. ಕ್ರಿಯಾಪದಗಳನ್ನು ನೋಡಿ. ನಮಗೆ 'ವಹಿಸುವುದು', ಅವರಿಗೆ 'ಕೂಡದು'. ವಿಧಿ, ನಿಷೇಧಗಳ ವ್ಯತ್ಯಾಸವನ್ನು ಎಂಟನೆಯ ತರಗತಿಗೆ ಪ್ರತಿವರ್ಷ ಕಲಿಸುವವಳು ನಾನು. ಕೈ ತಡೆಯಲಿಲ್ಲ. ಅಧ್ಯಕ್ಷರು ಓದಿಸಿ ಕೇಳಿ, "ಭಾಳ ಶುದ್ಧ ಬರೀತೀರಿ ಮೇಡಂ," ಅಂದರು.

ಒಂದು ವರ್ಷ ಹಾಗೇ ಕಳೆಯಿತು. ಆಗಾಗ ಪಾಠ ಮಾಡುವಾಗ ಮಾತು ನಿಂತುಹೋಗುತ್ತಿತ್ತು. ಬಿಪಿ ಎಂದುಕೊಂಡು ಗುಳಿಗೆ ತೆಗೆದುಕೊಂಡೆ. ಅಣ್ಣನ ಮನೆಗೆ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ಏನೋ ಒಪ್ಪಿಕೊಂಡಂತೆ ಆಗುತ್ತದೆ ಎಂಬ ಹೆದರಿಕೆ.

ಮರುವರ್ಷ ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಎಲ್ಲರೂ ಹೊಲಕ್ಕೆ ಹೋದೆವು. ಭಜ್ಜಿ, ಸಜ್ಜಿ ರೊಟ್ಟಿ, ಹೋಳಿಗೆ ಕಟ್ಟಿಕೊಂಡು, ಭೂಮಿಗೆ ಎಡೆಯಾಗಿ ಚರಗ ಚೆಲ್ಲಿ ಊಟ ಮಾಡಿದೆವು. ಊಟದ ಮೇಲೆ ಅಣ್ಣನಿಗೆ ಚಹಾ ಬೇಕಾಯಿತು. ವೈನಿ ಬೇವಿನ ಗಿಡದ ಕೆಳಗೆ ಮೂರು ಕಲ್ಲಿಟ್ಟು, ಕಡ್ಡಿ ಹಚ್ಚಿ ಚಹಾ ಮಾಡಿದರು. ಆಗಲೇ ಪಂಚಾಯಿತಿಯ ಜವಾನ ಸೈಕಲ್ಲಿನ ಮೇಲೆ ಬಂದ. ಅಣ್ಣ ಅವನಿಗೂ ಒಂದು ಕಪ್ಪು ಕೊಡಿಸಿದ. ಅವನು ನಮ್ಮ ಒಲೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಚಹಾ ಕುಡಿದು, ಎದ್ದು, ನಮ್ಮ ಕೊಡದಿಂದಲೇ ಒಂದು ಬಿಂದಿಗೆ ನೀರು ತುಂಬಿಕೊಂಡು ಕೆಳಗಿಳಿದ.

ಅದೇ ಗ್ಯಾಂಗು ಆ ವರ್ಷವೂ ಬಂದಿತ್ತು. ಹೊಸ ಗುಡಿಸಲುಗಳ ಮುಂದೆ ತೀರಿಕೊಂಡವಳ ಸೊಸೆ ಒಲೆ ಹಚ್ಚಿದ್ದಳು. ಕಂಕುಳಲ್ಲಿ ಕೂಸು. ಜವಾನ ನೇರ ಹೋಗಿ ಒಲೆಯೊಳಗೆ ಬಿಂದಿಗೆ ಬಗ್ಗಿಸಿದ. ಬೂದಿ ಚಿಮ್ಮಿ ಪಾತ್ರೆಯೊಳಗೆ ಬಿತ್ತು.

"ಕೂಸಿಗಿ ಗಂಜಿ ಇಟ್ಟಿದ್ದೆನ್ರೀ! ಅದಕ್ಕ ಬೇನಿ ಅದ. ಎಂಟು ಗಂಟೆದು ತಣ್ಣಂದು ಹ್ಯಾಂಗ ಉಣಸ್ಲಿ?" ಅವಳ ದನಿ ಬೇವಿನ ಗಿಡದ ತನಕ ಬಂತು.

"ಗೋಡಿ ಮ್ಯಾಲ ಬರದದ, ಓದ್ಕೋ," ಅಂದ ಜವಾನ.

"ನಮಗೆಲ್ಲಿ ಓದ್ಲಾಕ ಬರ್ತದ?"

ವೈನಿ ನಮ್ಮ ಒಲೆಯ ಮೇಲೆ ಎರಡನೆಯ ಸಲ ಚಹಾ ಕಾಸುತ್ತಿದ್ದರು. ಅಣ್ಣ ಫೋನು ನೋಡುತ್ತ ಮಲಗಿದ್ದ. ನಾನು ಎದ್ದೆ. ಹೀಗೆ ಮಾಡಬೇಕೆಂದು ಯೋಚಿಸಿ ಎದ್ದದ್ದಲ್ಲ. ಸೊಸೆ "ನಮಗೆಲ್ಲಿ ಓದ್ಲಾಕ ಬರ್ತದ" ಅಂದದ್ದು ಕೇಳಿ ಕೂರಲಾಗಲಿಲ್ಲ.

ಅವಳ ಮಾವ, ಸತ್ತವಳ ಗಂಡ, ಪಕ್ಕದ ಗದ್ದೆಯಲ್ಲಿ ಕಬ್ಬಿನ ಹೊರೆ ಕಟ್ಟುತ್ತಿದ್ದ. ನನ್ನನ್ನು ನೋಡಿ ಕುಡುಗೋಲು ಕೆಳಗಿಟ್ಟ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅವಳು ನೀರು ಹಾಕಲೇ ಎಂದು ಕೇಳಿದ್ದು, ನಾನು ಬೇಡವೆಂದದ್ದು, ಕೊಡ ಬರಿದಾದದ್ದು, ಮಣ್ಣು ದಬ್ಬಿ ಹೊರಟದ್ದು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದು. ಮುಗಿದ ಮೇಲೆ ಅವನು ಎದ್ದು ನನ್ನ ಎದುರು ನಿಂತ. ಹೊಡೆಯುತ್ತಾನೇನೋ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

"ಒಂಬತ್ತು ದಿನ ಬೈದೆನ್ರಿ ಅಕಿಗಿ," ಅಂದ. "ಬಾಯಿಗಿ ನೀರು ಬಿಡುಮುಂದೂ ಬೈದೆ. ಕಡೀಕ ಅಕಿನೇ ಅಂದ್ಲು, ನಂದೇ ತಪ್ಪು, ಸಿಟ್ಟಾಗಬ್ಯಾಡ ಅಂತ. ನಾ ಹೌದು ಅಂದೆ."

ನಾನು ಕೈ ಮುಗಿದೆ. ಅವನು ಅದನ್ನು ನೋಡಲಿಲ್ಲ.

"ನನಗ ಹೇಳಿ ಏನ್ ಮಾಡ್ತೀರಿ? ತಾಂಡಾದಾಗ ಎಲ್ಲಾರೂ ಅಕಿಗಿ ಮನಿ ಸುಟ್ಟಾಕಿ ಅಂತಾರ. ನಾನೇ ಹೇಳೇನಿ ಹಂಗಂತ. ನೀವು ಅಲ್ಲಿ ಬಂದು ಹೇಳ್ರಿ."

"ಬರ್ತೇನಿ," ಅಂದೆ.

ಅಣ್ಣನಿಗೆ ಅಂದೇ ತಿಳಿಸಿದೆ. "ನಿನಗಾಗೇ ನಾ ಟ್ರ್ಯಾಕ್ಟರ್ ಹೊಡಿಸಿದ್ದೆ," ಅಂದ. "ನಿನ್ನ ನೌಕರಿ ಹೋಗ್ತದಂತ. ಈಗ ನನ್ನನ್ನೂ ಸೇರಿಸಿ ಬಯಲಿಗಿ ಎಳೀತಿ." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಪಂಚಾಯಿತಿಯ ಸಭೆಯಲ್ಲಿ ನಡೆದದ್ದನ್ನು ಹೇಳಿದೆ, ಠಾಣೆಗೂ ಬರೆದುಕೊಟ್ಟೆ, ಅಲ್ಲಿಂದ ಇನ್ನೂ ಕರೆ ಬಂದಿಲ್ಲ. ಟ್ರ್ಯಾಕ್ಟರಿನ ಮಾತು ಮಾತ್ರ ಬರೆಯಲಿಲ್ಲ. ಅಷ್ಟು ಸುಳ್ಳು ಇನ್ನೂ ಉಳಿಸಿಕೊಂಡಿದ್ದೆ, ಇಂದು ಇಲ್ಲಿ ಬರೆದಿದ್ದೇನೆ. ಅಧ್ಯಕ್ಷರು ತಲೆ ತಗ್ಗಿಸಿ ಕೂತಿದ್ದರು. "ಆದದ್ದು ಆಗಿಹೋತು ಮೇಡಂ. ಮತ್ಯಾಕ ಕೆದಕ್ತೀರಿ?" ಅಂದರು. ಒಂದು ತಿಂಗಳಾದ ಮೇಲೆ ಒಲೆಯ ನಿಯಮ ಬದಲಿಸಿದರು: ಕುಣಿ ತೋಡಿ, ಸುತ್ತ ಕಲ್ಲು ಕಟ್ಟಿ, ನೀರಿಟ್ಟುಕೊಂಡು ಯಾರಾದರೂ ಹಚ್ಚಬಹುದು. ಸೀತನಿಗೂ ಅದೇ. ಗೋಡೆಯ ಮೇಲೆ ಮಾತ್ರ ಹಳೆಯದೇ ಇದೆ. ಬಣ್ಣದವನನ್ನು ಮತ್ತೆ ಕರೆಸಲಿಲ್ಲ. ಅಣ್ಣ ನನ್ನ ಫೋನು ಎತ್ತುವುದಿಲ್ಲ. ವೈನಿ ಹಬ್ಬಕ್ಕೊಮ್ಮೆ ಕದ್ದು ಮಾತಾಡುತ್ತಾರೆ.

ಕಬ್ಬಿನ ಹಂಗಾಮು ಮುಗಿದು ಅವರೆಲ್ಲ ಊರು ಸೇರಿದ ಮೇಲೆ ನಾನು ಆಳಂದಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ತಾಂಡಾಕ್ಕೆ ಹೋದೆ. ಮಧ್ಯಾಹ್ನ. ಗಂಡ ದಾರಿಯ ಬಾಯಿಯಲ್ಲೇ ನಿಂತಿದ್ದ. ಸೇವಾಲಾಲರ ಗುಡಿಯ ಕಟ್ಟೆಯ ಮೇಲೆ ಮೂವತ್ತು ನಲವತ್ತು ಮಂದಿ ಸೇರಿದ್ದರು. ಕುರ್ಚಿ ಕೊಟ್ಟರು, ಕೂರಲಿಲ್ಲ. ನಾನು ಹೇಳಿದ್ದನ್ನು ಒಬ್ಬಾತ ಅವರ ಮಾತಿನಲ್ಲಿ ಮತ್ತೆ ಹೇಳುತ್ತಿದ್ದ. ನನ್ನ ಒಂದೊಂದು ವಾಕ್ಯವೂ ಎರಡೆರಡು ಸಲ ಕೇಳಿಸಿತು. ಮಗ ತಲೆ ಎತ್ತಲಿಲ್ಲ. ಯಾರೂ ಬೈಯಲಿಲ್ಲ. ಬೈಗುಳಕ್ಕೆ ನಾನು ಸಿದ್ಧಳಾಗಿ ಬಂದಿದ್ದೆ.

ಮುಂದಿನ ಸಾಲಿನಲ್ಲಿದ್ದ ಮುದುಕಿ ಎದ್ದು ಹತ್ತಿರ ಬಂದಳು. ತೀರಿಕೊಂಡವಳ ತಾಯಿ ಎಂದು ಗಂಡ ಹೇಳಿದ. ಅವಳಿಗೆ ಕನ್ನಡ ಬರುತ್ತಿತ್ತು.

"ಅಕಿ ಕೇಳಿದ್ಲಂತಲ್ಲ, ದವಾಖಾನ್ಯಾಗ. ಆಗ ಯಾಕ ಹೇಳಲಿಲ್ಲ ನೀ?"

"ಹೆದರಿದ್ದೆ ಯವ್ವಾ," ಅಂದೆ.

"ಯಾರಿಗಿ?"

ಅಂದು ವಾರ್ಡಿನಲ್ಲಿ ಎದುರಿಗಿದ್ದವರು ಒಬ್ಬ ಕೂಲಿಯವನು, ಒಬ್ಬ ನರ್ಸು, ಸಾಯುತ್ತಿದ್ದ ಒಬ್ಬ ಹೆಂಗಸು. ಮುದುಕಿ ಉತ್ತರಕ್ಕಾಗಿ ಕಾದಳು. ಆಮೇಲೆ ಗುಂಪಿನ ಕಡೆ ತಿರುಗಿ ತನ್ನ ಮಾತಿನಲ್ಲಿ ಏನೋ ಒಂದು ವಾಕ್ಯ ಹೇಳಿ ಮನೆಯ ಕಡೆ ನಡೆದಳು. ಜನ ಒಬ್ಬೊಬ್ಬರೇ ಎದ್ದರು. ಆ ವಾಕ್ಯವನ್ನು ಯಾರೂ ನನಗೆ ಕನ್ನಡದಲ್ಲಿ ಹೇಳಲಿಲ್ಲ.

ಗಂಡ ರಸ್ತೆಯ ತನಕ ಜೊತೆಗೆ ಬಂದ. ವರ್ಷಕ್ಕೊಮ್ಮೆ ಅವಳ ತಿಥಿಗೆ ಬರುತ್ತೇನೆಂದು ಹೇಳಬೇಕೆಂದಿದ್ದೆ. ಟಂಟಂ ಬರುವುದು ಕಂಡಿತು. ಅವನು ಕೈ ಅಡ್ಡ ಹಿಡಿದು ನಿಲ್ಲಿಸಿ, ನಾನು ಹತ್ತಿ ಕೂತ ಮೇಲೆ ಹೇಳಿದ:

"ಇನ್ನ ನೀವು ಇಲ್ಲಿ ಬರಬ್ಯಾಡ್ರಿ."

ಹೂಂ ಅಂದೆ. ಆ ಮೇಲಿನ ವರ್ಷ ಅವರ ಗ್ಯಾಂಗು ನಮ್ಮ ಊರಿಗೆ ಬರಲಿಲ್ಲ. ಜೇವರ್ಗಿ ಕಡೆಯ ಹೊಲಗಳಿಗೆ ಹೋದರೆಂದು ಯಾರೋ ಅಂದರು.